ಬಲಗೈ ಎದುರುಮಾತಾಡಿದ ಸಂಜೆ

ಆಪರೇಷನ್ ಆದ ಮರುದಿನ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಹೇಳಿದ್ದು ಎರಡೇ ಮಾತು: ಬಲಗೈಗೆ ಪೂರ್ತಿ ವಿಶ್ರಾಂತಿ ಕೊಡಬೇಕು, ಹೆಬ್ಬೆರಳನ್ನು ಅಲ್ಲಾಡಿಸಲೇಬಾರದು. ಆದರೆ ಮಗಳು ಅದನ್ನು ಅಮ್ಮನಿಗೆ ಕೈಮಾತಿನಲ್ಲಿ ದಾಟಿಸುವಷ್ಟರಲ್ಲಿ ಆ ಎರಡು ಮಾತಿಗೆ ರೆಕ್ಕೆಪುಕ್ಕ ಬಂದಿತ್ತು.

"ಬಲಗೈ ಆಡಿಸಬಾರದಂತೆ. ಎಡಗೈನೂ ಜಾಸ್ತಿ ಆಡಿಸಬಾರದಂತೆ. ಸಿಟ್ಟು ಮಾಡ್ಕೋಬಾರದಂತೆ. ಮುಖ್ಯವಾಗಿ ಅಪ್ಪನ್ನ ಬೈಬಾರದಂತೆ. ಬೈದ್ರೆ ಹೊಲಿಗೆ ಬಿಚ್ಕೊಳ್ಳತ್ತಂತೆ."

ಅಮ್ಮ ಮಗಳ ಕೈಯಿಂದ ಕಣ್ಣು ತೆಗೆದು ಡಾಕ್ಟರ ಮುಖ ನೋಡಿದಳು. ಹುಟ್ಟಿನಿಂದ ಕಿವಿ ಕೇಳಿಸದವಳು ಅವಳು. ಮುಖ ಓದುವುದರಲ್ಲಿ ಅವಳನ್ನು ಏಮಾರಿಸುವವರು ಇನ್ನೂ ಹುಟ್ಟಿರಲಿಲ್ಲ. ಅದು 'ಗಂಡನನ್ನು ಬೈಬೇಡ' ಎಂದು ಹೇಳಿದ ಮುಖವಾಗಿರಲಿಲ್ಲ. ಬೇಗ ಮುಗಿಸಿ ಊಟಕ್ಕೆ ಹೋಗಬೇಕೆನ್ನುವ ಮುಖ. ಆಮೇಲೆ ಅವಳು ಎಡಗೈಯಿಂದ ಹೆಬ್ಬೆರಳು ತೋರಿಸಿ, ಇದು ಮೊದಲಿನ ಹಾಗೆ ಆಗುತ್ತದೆಯೇ ಎಂದು ಕೇಳಿದಾಗ ಡಾಕ್ಟರು ಭುಜ ಸ್ವಲ್ಪ ಎತ್ತಿ ಇಳಿಸಿ ಏನೋ ಅಂದರು. ಅದನ್ನು ಮಗಳು ದಾಟಿಸಲೇ ಇಲ್ಲ, ಕಿಟಕಿಯ ಕಡೆ ನೋಡಿದಳು. ದಾಟಿಸುವ ಅಗತ್ಯವೂ ಇರಲಿಲ್ಲ.

ಕೈಮಾತಿನವರ ನಡುವೆ ಬಾಯಲ್ಲಿ ಕರೆಯುವ ಹೆಸರು ನಡೆಯುವುದಿಲ್ಲ. ಗುಣವನ್ನೋ ಗುರುತನ್ನೋ ಹಿಡಿದು ಕೈಯಲ್ಲೇ ಒಂದು ಹೆಸರಿಡುತ್ತಾರೆ. ಅವಳ ಹೆಸರು ಚಿಟಿಕೆ. ಹಣೆಯ ಪಕ್ಕದಲ್ಲಿ ಬಲಗೈಯಿಂದ ಒಂದು ಚಿಟಿಕೆ ಹೊಡೆದರೆ ಅವಳೇ, ಅಷ್ಟು ಚುರುಕು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವ ಕೆಲಸ ಅವಳದು. ಕ್ರೀಮ್ ತುಂಬಿದ ಚೀಲವನ್ನು ಬೆಳಗಿಂದ ಸಂಜೆವರೆಗೆ ಹಿಂಡಿ ಹಿಂಡಿ ಮಣಿಕಟ್ಟಿನ ನರ ಒತ್ತಿಕೊಂಡು, ಹೆಬ್ಬೆರಳನ್ನು ಎಳೆಯುವ ಸ್ನಾಯುವಿನ ಹುರಿ ಸವೆದು, ಗುಲಾಬಿ ಬಿಡಿಸಲು ಹೋದರೆ ಎಲೆಕೋಸು ಮೂಡತೊಡಗಿದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಯಿತು. ಈಗ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಪಟ್ಟಿ. ಬೇರೆಯವರ ಕೈ ಕಟ್ಟಿದರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಇವಳ ಕೈ ಕಟ್ಟಿದರೆ ಬಾಯಿಯನ್ನೇ ಕಟ್ಟಿದ ಹಾಗೆ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಅವಳ ಗಂಡನೂ ಕೈಮಾತಿನವನೇ. ಗಾಜಿನ ಅಂಗಡಿಯವನು, ಕಿಟಕಿಗಳ ಅಳತೆ ತೆಗೆದು, ಗಾಜು ಕೊಯ್ದು, ಚೌಕಟ್ಟಿಗೆ ಕೂರಿಸಿ, ಅದು ಅಲುಗದಂತೆ ಸುತ್ತ ಪುಟ್ಟಿಯ ಅಂಟು ಮೆತ್ತುವವನು. ಅವನ ಹೆಸರು ತುಟಿಗಾಯ. ತೋರುಬೆರಳನ್ನು ಮೇಲ್ತುಟಿಯ ಮೇಲೆ ಅಡ್ಡ ಎಳೆದರೆ ಅವನು. ಆ ಹೆಸರು ಬಂದದ್ದು ಹೆಂಡತಿಯ ಕಥೆಯಿಂದ. ಅದಕ್ಕೆ ಆಮೇಲೆ ಬರೋಣ. ಮೊದಲು ಈ ಮಹಾಶಯ ಹೆಂಡತಿಯ ಆರೈಕೆ ಮಾಡಿದ ಚೆಂದ ನೋಡಬೇಕು.

ಆರೈಕೆಯಲ್ಲಿ ಅವನು ಎಳ್ಳಷ್ಟೂ ಕೊರತೆ ಮಾಡಲಿಲ್ಲ. ಅಂಗಿಗೆ ಗುಂಡಿ ಹಾಕಿಕೊಟ್ಟ. ಸ್ನಾನಕ್ಕೆ ಮೊದಲು ಪಟ್ಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ. ತಲೆ ಬಾಚಿದ; ಬೈತಲೆಯನ್ನು ಗಾಜು ಕೊಯ್ಯುವವನ ನಿಷ್ಠೆಯಿಂದ ಎಳೆದ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ. ಆದರೆ ಮಾತಿನ ವಿಷಯ ಬಂದಾಗ ಅವನೊಳಗಿನ ತುಂಟ ಹೊರಗೆ ಬಂದ. ಇಷ್ಟು ವರ್ಷ ಜಗಳದಲ್ಲಿ ಒಂದು ಸಲವೂ ಗೆಲ್ಲದವನಿಗೆ ಈಗ ಎದುರಾಳಿಯ ಒಂದು ಕೈ ಕಟ್ಟಿ ಕೊಟ್ಟಂತಾಗಿತ್ತು.

"ಚಹಾಕ್ಕೆ ಸಕ್ಕರೆ ಹಾಕಿಲ್ಲ," ಎಂದು ಚಿಟಿಕೆ ಎಡಗೈಯಲ್ಲಿ ಹೇಳಿದಳು.

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಚೆನ್ನಾಗಿದೆ ಅಂತೀಯಾ? ಸಂತೋಷ. ಇನ್ನೊಂದು ಲೋಟ ತರ್ತೀನಿ."

"ಸಕ್ಕರೆ! ಸಕ್ಕರೆ ಇಲ್ಲ!"

"ನಿಧಾನವಾಗಿ ಹೇಳು. ನಿನ್ನ ಎಡಗೈ ತುಂಬಾ ತೊದಲತ್ತೆ."

ಅವಳು ಹಲ್ಲು ಕಚ್ಚಿದಳು. ಬೈಗುಳವನ್ನು ಎಡಗೈಯಿಂದ ಆಡಿದರೆ ಅದಕ್ಕೆ ಕಸುವೇ ಇರುವುದಿಲ್ಲ, ಎರಡು ಕೈ ಸೇರಿ ಆಡಬೇಕಾದ ಮಾತು ಅರ್ಧಕ್ಕೇ ನಿಂತು ಗಾಳಿಯಲ್ಲಿ ನೇತಾಡುತ್ತದೆ. ಆದರೂ ಅವಳು ಬಿಡುವವಳಲ್ಲ, ಮುಖದಲ್ಲೇ ಉಳಿದರ್ಧ ಬೈದಳು. ಆಗ ಅವನು ಕೊನೆಯ ಅಸ್ತ್ರ ಪ್ರಯೋಗಿಸಿದ: ಕಣ್ಣು ಮುಚ್ಚಿಕೊಂಡು ಕೂತ. ಕೈಮಾತಿನ ಸಂಸಾರದಲ್ಲಿ ಕಣ್ಣು ಮುಚ್ಚುವುದೆಂದರೆ ಮುಖದ ಮೇಲೇ ಬಾಗಿಲು ಹಾಕಿದ ಹಾಗೆ. ಅವಳು ನೆಲ ಅದುರುವಂತೆ ಕಾಲು ಬಡಿದಳು. ಅವನು ಕಣ್ಣು ತೆರೆಯಲಿಲ್ಲ. ಕೆಳಗಿನ ಮನೆಯವರು ಮಾತ್ರ ಹತ್ತಿ ಬಂದು, ಏನಾಯಿತು ಎಂದು ಮಗಳನ್ನು ಕೇಳಿದರು. "ವ್ಯಾಯಾಮ," ಅಂದಳು ಮಗಳು. ಆ ಹುಡುಗಿಗೆ ಕಿವಿಯೂ ಕೇಳುತ್ತಿತ್ತು, ಬಾಯಿಯೂ ಇತ್ತು, ಎರಡನ್ನೂ ತನಗೆ ಬೇಕಾದ ಹಾಗೆ ಬಳಸುವುದೂ ಗೊತ್ತಿತ್ತು.

ಇದೆಲ್ಲ ನಗುವ ಮಾತಾಯಿತು. ಗಂಡ ಅಂಗಡಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ಚಿಟಿಕೆ ಕಿಟಕಿಯ ಪಕ್ಕ ಕುಳಿತು ಪಟ್ಟಿಯನ್ನು ನೋಡುತ್ತಿದ್ದಳು. ಒಳಗೆ ಹೆಬ್ಬೆರಳು ಇದೆಯೋ ಇಲ್ಲವೋ ಅನ್ನುವಷ್ಟು ಮರಗಟ್ಟಿತ್ತು. ಡಾಕ್ಟರು ಎತ್ತಿ ಇಳಿಸಿದ ಭುಜ ಕಣ್ಣ ಮುಂದೆ ಬರುತ್ತಿತ್ತು. ಕೇಕಿನ ಹೂವನ್ನು ಇನ್ನಾರಾದರೂ ಬಿಡಿಸಿಯಾರು. ಆದರೆ ಬೆರಳು ಮೊದಲಿನಂತೆ ಓಡದಿದ್ದರೆ ಅವಳ ಕಥೆಗಳ ಗತಿಯೇನು? ಅವಳಿಗೆ ಹೆದರಿಕೆಯಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಇದ್ದ ಒಂದು ಕೈ ತೊದಲುತ್ತಿತ್ತಲ್ಲ.

ಕಥೆ ಅಂದೆನಲ್ಲ, ಅದೇ ಅವಳ ದೊಡ್ಡಸ್ತಿಕೆ. ಆ ಊರಿನ ಕೈಮಾತಿನವರದೊಂದು ಕೂಟವಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ಸೇರುತ್ತಿದ್ದರು. ವರ್ಷಕ್ಕೊಂದು ಸಂಜೆ ಎಲ್ಲರೂ ಮನೆಮಂದಿಯನ್ನು ಕರೆತರುತ್ತಿದ್ದರು, ಯಾರೋ ನಾಟಕ ಆಡುತ್ತಿದ್ದರು, ಯಾರೋ ಜಾದೂ ಮಾಡಲು ಹೋಗಿ ಸಿಕ್ಕಿಬೀಳುತ್ತಿದ್ದರು, ಕೊನೆಗೆ ಚಿಟಿಕೆ ಎದ್ದು ನಿಂತು ಕಥೆ ಹೇಳುತ್ತಿದ್ದಳು. ಪ್ರತಿ ವರ್ಷವೂ ಅದೇ ಕಥೆ. ಅದೇ ಬೇಕೆಂದು ಜನ ಹಟ ಹಿಡಿಯುತ್ತಿದ್ದರು.

ಕಥೆ ಇಷ್ಟೇ. ಮದುವೆಯ ಮಾತಿಗೆ ಮೊದಲು ಹುಡುಗನ ಫೋಟೋ ಬಂತು. ಮೂಗಿನ ಕೆಳಗೆ ದಪ್ಪ ಮೀಸೆ. ಆಮೇಲೆ ಹುಡುಗನೇ ಬರುತ್ತೇನೆಂದ. ಹುಡುಗಿ ಕಾದಳು. ಹುಡುಗ ಬರಲಿಲ್ಲ. ಯಾಕೆಂದರೆ ಪುಣ್ಯಾತ್ಮ ಪಕ್ಕದ ಮನೆಗೆ ಹೋಗಿ ಕೂತಿದ್ದ! ಅಲ್ಲಿದ್ದದ್ದು ಒಬ್ಬ ಒಂಟಿ ಮುದುಕ. ಅವನನ್ನೇ ಮಾವ ಅಂದುಕೊಂಡು, ಹುಡುಗಿ ಈಗ ಬರುತ್ತಾಳೆ ಆಗ ಬರುತ್ತಾಳೆ ಎಂದು ಒಳಬಾಗಿಲನ್ನೇ ನೋಡುತ್ತ ಅರ್ಧ ಗಂಟೆ ಕಾದ. ಮುದುಕ ಕೊಟ್ಟ ಅಂಚು ಒಡೆದ ಕಪ್ಪಿನಲ್ಲಿ ಚಹಾ ಕುಡಿದು ತುಟಿ ಕೊಯ್ದುಕೊಂಡ. ಕೊನೆಗೆ ಸರಿಯಾದ ಮನೆಗೆ ಬಂದಾಗ ತುಟಿಯ ಮೇಲೆ ರಕ್ತ, ಮೀಸೆ ಮಾಯ. ಮೀಸೆ ಎಲ್ಲಿ ಎಂದರೆ, ಪುಟ್ಟಿ ಮೆತ್ತಿಕೊಳ್ಳುತ್ತದೆಂದು ತಿಂಗಳ ಹಿಂದೆಯೇ ತೆಗೆದೆ ಅಂದ. ಇಷ್ಟನ್ನೇ ಚಿಟಿಕೆ ಹೇಳುವಾಗ ಮುದುಕನೂ ಅವಳೇ, ಹುಡುಗನೂ ಅವಳೇ, ಒಡೆದ ಕಪ್ಪೂ ಅವಳೇ ಆಗುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ತುಟಿಗಾಯನೂ ನಗುತ್ತಿದ್ದ, ಬೇರೆ ದಾರಿ ಇರಲಿಲ್ಲ.

ಈ ವರ್ಷದ ಸಂಜೆ ಹತ್ತಿರ ಬಂದಿತ್ತು. ಕೂಟದ ಹಿರಿಯಣ್ಣ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಇರುವ ಮನುಷ್ಯ, ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು ಬಿಸ್ಕತ್ತು ತಿನ್ನುತ್ತ ಕೇಳಿದ: "ಕಥೆ ಏನ್ಮಾಡೋದು? ಈ ಸಲ ಬಿಟ್ಬಿಡೋಣ್ವಾ?"

"ಬಿಡೋದ್ಯಾಕೆ? ನಾನು ಹೇಳ್ತೀನಿ," ಅಂದ ತುಟಿಗಾಯ.

ಗಾಜಿನ ವಿಷಯದಲ್ಲಿ ಅವನು ಗಟ್ಟಿಗ, ನಿಜ. ಆದರೆ ಕಥೆ ಅವನ ಕೈಗೆ ಸಿಕ್ಕರೆ ಚೂರುಚೂರು. ಅದೇ ದಿನ ಸಂಜೆ ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವುದನ್ನು ಅವಳು ಬಾಗಿಲ ಮರೆಯಿಂದ ನೋಡಿದಳು. "ಒಬ್ಬ ಹುಡುಗ ತಪ್ಪು ಮನೆಗೆ ಹೋದ. ಆ ಹುಡುಗ ನಾನೇ. ಮುಗೀತು. ಈಗ ಮೊದಲಿಂದ ಹೇಳ್ತೀನಿ." ಅವಳು ಹೋಗಿ ದೀಪ ಆರಿಸಿಬಿಟ್ಟಳು. ಕತ್ತಲಲ್ಲಿ ಕೈಮಾತಿಗೆ ಬೆಲೆಯಿಲ್ಲ.

ತಾನೇ ಎಡಗೈಯಲ್ಲಿ ಹೇಳಿದರಾಯಿತೆಂದು ಅವಳೂ ಪ್ರಯತ್ನಿಸಿದಳು. ಮಗಳ ಮುಂದೆ ನಿಂತು ಶುರು ಮಾಡಿದರೆ ಮುದುಕ ಯಾರು ಹುಡುಗ ಯಾರು ತಿಳಿಯದೆ ಎಲ್ಲ ಕಲಸುಮೇಲೋಗರವಾಯಿತು. ಮಗಳು ನಗಲಿಲ್ಲ. ಪಾಪ ಅನ್ನುವ ಮುಖ ಮಾಡಿದಳು. ಆ ಮುಖ ನೋಡಿ ಚಿಟಿಕೆಗೆ ಅಳು ಬಂತು, ಅತ್ತೇಬಿಟ್ಟಳು. ಈ ಒಂದು ಸಂಜೆ ಕೈತಪ್ಪಿದರೆ ಜನ ಬೇರೆ ಕಥೆಗಾರರನ್ನು ಹುಡುಕಿಕೊಳ್ಳುತ್ತಾರೆ. ಆಮೇಲೆ ಬೆರಳು ಬಾರದೇ ಹೋದರೆ ತಾನು ಹಿಂದಿನ ಸಾಲಿನಲ್ಲಿ ಕೂತು ನಗುವವಳಾಗುತ್ತೇನೆ ಎಂದು ಅವಳಿಗೆ ಅನ್ನಿಸಿತು.

"ಅಮ್ಮಾ, ಅಳ್ಬೇಡ," ಅಂದಳು ಮಗಳು. "ನಿನಗೆ ಬೇಕಿರೋದು ಒಂದು ಬಲಗೈ ತಾನೇ? ಅಪ್ಪನ ಹತ್ರ ಒಂದು ಸುಮ್ನೆ ಬಿದ್ದಿದೆ."

ಮಗಳ ಉಪಾಯ ಹೀಗಿತ್ತು: ಅಪ್ಪನ ದೊಡ್ಡ ಮಳೆಕೋಟನ್ನು ಅಮ್ಮ ಹಾಕಿಕೊಳ್ಳಬೇಕು. ಎಡತೋಳಿನಲ್ಲಿ ಅವಳ ಎಡಗೈ, ಪಟ್ಟಿ ಕಟ್ಟಿದ ಬಲಗೈ ಕೋಟಿನೊಳಗೆ ಎದೆಗೊತ್ತಿ. ಅಪ್ಪ ಕೋಟಿನೊಳಗೆ ಅವಳ ಬೆನ್ನ ಹಿಂದೆ ಬಗ್ಗಿ ನಿಂತು, ಬಲತೋಳಿನಲ್ಲಿ ತನ್ನ ಕೈ ತೂರಿಸಬೇಕು. ಕಥೆಯನ್ನು ಇಷ್ಟು ವರ್ಷ ನೋಡಿ ನೋಡಿ ಅವನಿಗೆ ಬಾಯಿಪಾಠ, ಅಂದರೆ ಕೈಪಾಠ. ಅವಳ ಭುಜ ಅಲುಗಾಡುವುದರ ಮೇಲೆ ಎಲ್ಲಿದ್ದೇವೆಂದು ಗೊತ್ತಾಗುತ್ತದೆ.

ಚಿಟಿಕೆ ಗಂಡನ ಬಲಗೈಯನ್ನು ತಟ್ಟಿ, ಮೊದಲೇ ತಾಕೀತು ಮಾಡಿದಳು. "ಈ ಕೈ ಇನ್ಮೇಲೆ ನನ್ನದು. ನನ್ನ ಮಾತು ಬಿಟ್ಟು ಒಂದು ಬೆರಳು ಆಚೆ ಈಚೆ ಹೋಗ್ಬಾರ್ದು."

ಅದೇನು ಪವಾಡವೋ, ಈ ಮಾತು ಮಾತ್ರ ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಕೋಲೆಬಸವನಂತೆ ತಲೆಯಾಡಿಸಿದ. ಅಭ್ಯಾಸದಲ್ಲೂ ಎಳ್ಳಷ್ಟೂ ತಪ್ಪಲಿಲ್ಲ. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಆ ಸಂಜೆ ಕೋಣೆ ತುಂಬಿತ್ತು. ಚಿಟಿಕೆಯ ತಂಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು, ಪಕ್ಕದಲ್ಲಿ ಮಗಳು. ಮಳೆಕೋಟಿನ ದಪ್ಪ ಹೆಂಗಸೊಬ್ಬಳು ಏಡಿಯಂತೆ ಅಡ್ಡಡ್ಡ ನಡೆಯುತ್ತ ಮುಂದೆ ಬಂದಾಗಲೇ ಜನ ನಕ್ಕರು. ಕೋಟಿನ ಕೆಳಗೆ ನಾಲ್ಕು ಕಾಲು ಕಾಣುತ್ತಿದ್ದವು. ಬಲಗೈ ಎದ್ದು ಹಣೆಯ ಪಕ್ಕ ಚಿಟಿಕೆ ಹೊಡೆಯಿತು. ಕೈಗಳೆಲ್ಲ ಮೇಲೆದ್ದು ಗಾಳಿಯಲ್ಲಿ ಅಲ್ಲಾಡಿದವು. ಅವರ ಚಪ್ಪಾಳೆ ಹಾಗೆ.

ಕಥೆ ನೀರಿನ ಹಾಗೆ ಹರಿಯಿತು. ಫೋಟೋ ಬಂತು, ಮೀಸೆ ಬಂತು. ಎಡಗೈ ಹುಡುಗಿಯಾಗಿ ಕಾಯಿತು, ಬಲಗೈ ಹುಡುಗನಾಗಿ ಬೀದಿಯಲ್ಲಿ ನಡೆದು ಬಂತು. ಚಿಟಿಕೆಯ ಮೈಗೆ ಜೀವ ಬಂದಂತಾಯಿತು. ಈಗ ಬಲಗೈ ಮುದುಕನ ಬಾಗಿಲು ತಟ್ಟಬೇಕು.

ತಟ್ಟಲಿಲ್ಲ. ತೋರುಬೆರಳೆತ್ತಿ ಆ ಕಡೆ ಈ ಕಡೆ ಆಡಿಸಿತು. ಇಲ್ಲ.

ಚಿಟಿಕೆ ಎಡಗೈಯಿಂದ ಬಲಗೈಗೆ ಒಂದು ಏಟು ಕೊಟ್ಟಳು. ಬಲಗೈ ನೋವಾದಂತೆ ಮುದುಡಿ ಮತ್ತೆ ಎದ್ದು, ಇಲ್ಲ, ಅಂದಿತು. ಅವಳು ಜಿಗುಟಿದಳು. ಅದು ತಪ್ಪಿಸಿಕೊಂಡು ಅವಳ ಮೂಗನ್ನೇ ಹಿಂಡಿತು. ಇದೂ ಕಥೆಯೇ ಅಂದುಕೊಂಡ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಿರಿಯಣ್ಣನ ಕನ್ನಡಕ ಹಣೆಯಿಂದ ಜಾರಿ ಮೊದಲ ಸಲ ಕಣ್ಣಿನ ಮೇಲೆ ಬಂತು.

"ಹುಡುಗ ಮೊದಲು ಸರಿಯಾದ ಮನೆಗೇ ಬಂದ," ಅಂದಿತು ಬಲಗೈ.

ಚಿಟಿಕೆ ಅದನ್ನೇ ನೋಡಿದಳು. ತನ್ನ ತೋಳಿನ ತುದಿಯಲ್ಲಿದ್ದ ಕೈ ತನಗೆ ಗೊತ್ತಿಲ್ಲದ್ದನ್ನು ಹೇಳುತ್ತಿತ್ತು.

"ಬಾಗಿಲ ಪಕ್ಕ ಕಿಟಕಿ. ಗಾಜಿನ ಕೆಲಸದವನಲ್ವಾ, ಗಾಜು ನೋಡಿದ. ಒಳ್ಳೇ ಗಾಜು. ಪುಟ್ಟಿ ಸರಿಯಾಗಿ ಮೆತ್ತಿರಲಿಲ್ಲ. ಒಳಗೆ ದೀಪ. ಪರದೆ ಎಳೆದಿರಲಿಲ್ಲ."

ಕೋಣೆಯಲ್ಲಿ ನಗು ನಿಂತಿತು. ಬಾಯಿಮಾತಿನವರು ಗುಟ್ಟು ಹೇಳುವಾಗ ಪಿಸುಗುಡುತ್ತಾರೆ. ಕೈಮಾತಿನವರು ಪರದೆ ಎಳೆಯುತ್ತಾರೆ, ಯಾಕೆಂದರೆ ಗಾಜಿನಾಚೆಯ ಮಾತೂ ಅವರಿಗೆ ಎದುರು ಕೂತು ಆಡಿದಷ್ಟೇ ಸ್ಪಷ್ಟ. ಪರದೆ ಎಳೆಯದ ಕಿಟಕಿ ಅಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹುಡುಗಿ ತಂಗಿಗೆ ಹೇಳ್ತಿದ್ಲು. ಮೂಗಿನ ಕೆಳಗೆ ಬ್ರಶ್ ಕಟ್ಕೊಂಡು ಬರ್ತಾನೆ ನೋಡು. ಚಹಾ ಕೊಟ್ರೆ ಅರ್ಧ ಮೀಸೆನೇ ಕುಡಿಯತ್ತೆ. ಆ ಮೀಸೆ ಹೊತ್ಕೊಂಡು ಬಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ."

ಎಲ್ಲರ ಕಣ್ಣೂ ಮುಂದಿನ ಸಾಲಿನ ತಂಗಿಯ ಕಡೆ ತಿರುಗಿದವು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದು, ನಿಧಾನವಾಗಿ ತಲೆಯಾಡಿಸಿದಳು. ಹೌದು, ಅಕ್ಕ ಹೇಳಿದ್ದಳು.

"ಹುಡುಗ ಪಕ್ಕದ ಮನೆ ತಟ್ಟಿದ. ಗಲ್ಲ ಕೆರೆದು ತೋರಿಸಿ ಮುದುಕನ ಹತ್ರ ಬ್ಲೇಡ್ ಕೇಳಿದ. ಮುದುಕನ ಬ್ಲೇಡು ಮೊಂಡು. ಅದಕ್ಕೇ ಅರ್ಧ ಗಂಟೆ." ತೋರುಬೆರಳು ಗಾಳಿಯಲ್ಲೇ ಒಂದು ಅಡ್ಡಗೆರೆ ಎಳೆಯಿತು, ಅವನ ಹೆಸರು. "ಅದಕ್ಕೇ ಗಾಯ. ಕಪ್ಪು ಒಡೆದಿರಲಿಲ್ಲ."

ಚಿಟಿಕೆಯ ಎಡಗೈ ಕೋಟಿನ ತೋಳಿನಲ್ಲಿ ಜೋಲು ಬಿದ್ದಿತ್ತು. ಇಷ್ಟು ವರ್ಷ ಊರನ್ನೆಲ್ಲ ನಗಿಸಿದ ಪೆದ್ದು ಹುಡುಗ ಆ ಕಥೆಯಲ್ಲಿ ಇರಲೇ ಇಲ್ಲ. ಪೆದ್ದಿ ಇದ್ದಳು, ದೀಪ ಹಾಕಿದ ಕಿಟಕಿಯೊಳಗೆ, ಪರದೆ ಎಳೆಯದೆ. ಅವಳ ಮುಖ ಕೆಂಪಾಯಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ಯಾಕೆ ಹೇಳ್ಲಿಲ್ಲ?" ಎಂದು ಎಡಗೈ ಕೇಳಿತು. ಹಿಂದೆ ಅಡಗಿದವನಿಗೆ ಅದು ಹೇಗೆ ಕಾಣಬೇಕು? ಅವಳು ಹಿಮ್ಮಡಿಯಿಂದ ಅವನ ಪಾದ ತುಳಿದಳು.

ಕೋಟಿನ ಕಾಲರಿನಿಂದ ತುಟಿಗಾಯನ ತಲೆ ಹೊರಬಂತು, ಕೂದಲು ಕೆದರಿ, ಬೆವರಿಳಿದು. ಅವಳು ಮತ್ತೆ ಕೇಳಿದಳು. ಈ ಸಲ ಅವನು ತೊದಲು ಎನ್ನಲಿಲ್ಲ.

"ಹೇಳಿದ್ರೆ ಕಥೆ ನನ್ನದಾಗಿಬಿಡ್ತಿತ್ತು. ನನಗೆ ಹೇಳೋಕೆ ಬರಲ್ಲ," ಅಂದಿತು ಬಲಗೈ. "ನೀನು ಹೇಳ್ವಾಗ ನೋಡೋಕೆ ಚೆನ್ನಾಗಿರತ್ತೆ."

"ಮತ್ತೆ ಈಗ್ಯಾಕೆ?"

"ಈ ಸಲ ಬಲಗೈ ನನ್ನ ಹತ್ರ ಇತ್ತಲ್ಲ. ಮತ್ತೆ ಯಾವಾಗ ಸಿಗತ್ತೆ?"

ಕೋಣೆಯ ಕೈಗಳೆಲ್ಲ ಒಟ್ಟಿಗೆ ಎದ್ದವು. ಚಿಟಿಕೆ ಅಷ್ಟೊಂದು ಕೈಗಳನ್ನು ತನ್ನ ಕಥೆಗೆ ಯಾವ ವರ್ಷವೂ ಕಂಡಿರಲಿಲ್ಲ. ಅವಳು ಎಡಗೈಯಿಂದ ಗಂಡನ ಕಿವಿ ಹಿಂಡಿದಳು, ಹಿಂಡಿದ್ದನ್ನು ಬಿಡದೆ ಹಾಗೇ ಹಿಡಿದು ನಿಂತಳು.

ಪಟ್ಟಿ ಬಿಚ್ಚುವ ದಿನ ಮೂವರೂ ಆಸ್ಪತ್ರೆಗೆ ಹೋದರು. ಬೆಳ್ಳಗೆ ಸುಕ್ಕಾಗಿದ್ದ ಕೈ ಹೊರಬಂತು, ಮಣಿಕಟ್ಟಿನಲ್ಲಿ ಕೆಂಪು ಗೆರೆ. ಡಾಕ್ಟರು ಹೆಬ್ಬೆರಳು ಆಡಿಸಿ ನೋಡಿ ಏನೋ ಅಂದರು. "ದಿನಾ ಅಭ್ಯಾಸ ಮಾಡಿದ್ರೆ ಬರತ್ತಂತೆ," ಎಂದು ಮಗಳು ದಾಟಿಸಿದಳು. ಡಾಕ್ಟರ ಮುಖವೂ ಅದನ್ನೇ ಹೇಳುತ್ತಿತ್ತು. ಚಿಟಿಕೆ ಕೈಯನ್ನು ಹಣೆಯ ಪಕ್ಕಕ್ಕೆ ಎತ್ತಿದಳು. ಹೆಬ್ಬೆರಳು ನಡುಬೆರಳಿಗೆ ತಾಗಿತು, ಮೆಲ್ಲಗೆ ಜಾರಿತು. ಸದ್ದು ಬಂತೋ ಇಲ್ಲವೋ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಮಗಳ ಕಡೆ ನೋಡಿದಳು. ಮಗಳು ಇಲ್ಲವೆಂದು ತಲೆಯಾಡಿಸಿ, ಆಮೇಲೆ ತೋರುಬೆರಳು ಹೆಬ್ಬೆರಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ತೋರಿಸಿದಳು. ಇಷ್ಟೇ ಇಷ್ಟು ಬಂತು. ಚಿಟಿಕೆಗೆ ಅಷ್ಟು ಸಾಕಿತ್ತು; ಅಲ್ಲೇ ಕಣ್ಣೊರೆಸಿಕೊಂಡಳು.

ಆಮೇಲೆ ಗಂಡನ ಕಡೆ ತಿರುಗಿ ಹೊಸ ಕೈಯಿಂದ ಮೊದಲ ಮಾತು ಹೇಳಿದಳು, ಮೂಗಿನ ಕೆಳಗೆ ಎರಡು ಬೆರಳಿಟ್ಟು.

"ಮೀಸೆ ಬಿಡು."

ಅವನು ಬಿಟ್ಟ. ಏನು ಹೇಳಲಿ ಆ ಮೀಸೆಯ ಭಾಗ್ಯ! ಎಡಗಡೆ ಕಪ್ಪು, ಬಲಗಡೆ ನರೆ. ಒಂದು ಕಡೆ ಪೊದೆ, ಇನ್ನೊಂದು ಕಡೆ ಬಯಲು. ಹಳೆಯ ಗಾಯದ ಜಾಗದಲ್ಲಿ ಕೂದಲೇ ಹುಟ್ಟದೆ ನಡುವೆ ಒಂದು ಕಾಲುದಾರಿ. ಚಹಾ ಕುಡಿದರೆ ನಿಜಕ್ಕೂ ಅರ್ಧ ಅದೇ ಕುಡಿಯುತ್ತಿತ್ತು. ಅಂಗಡಿಗೆ ಬಂದವರೆಲ್ಲ ಗಾಜು ಬಿಟ್ಟು ಮೀಸೆ ನೋಡಿದರು. ಅವನು ಮಾತ್ರ ದಿನಕ್ಕೆರಡು ಸಲ ಅದನ್ನು ಬಾಚಿಕೊಳ್ಳುತ್ತಿದ್ದ. ಚಿಟಿಕೆ ಅವನ ಎದುರಿಗೆ ಅದನ್ನು ಒಂದು ಸಲವೂ ಆಡಿಕೊಳ್ಳಲಿಲ್ಲ. ಚೆನ್ನಾಗಿದೆ ಅಂದಳು, ಎರಡೂ ಕೈಯಲ್ಲಿ.

ಒಂದು ಭಾನುವಾರ ತಂಗಿ ವಿಡಿಯೋ ಕರೆ ಮಾಡಿದಳು. "ಭಾವನ ಮೀಸೆ ಹೇಗಿದೆ?"

ಚಿಟಿಕೆಯ ಎರಡು ಕೈಯೂ ಎದ್ದವು. ಬಲಗೈ ಇನ್ನೂ ಸ್ವಲ್ಪ ನಿಧಾನ, ಆದರೆ ಈ ವಿಷಯಕ್ಕೆ ಅದು ತಾನಾಗಿಯೇ ಚುರುಕಾಯಿತು. ಮೂಗಿನ ಕೆಳಗೆ ಬ್ರಶ್ ಅನ್ನಬೇಕು, ಅಷ್ಟರಲ್ಲಿ ಏನೋ ನೆನಪಾಗಿ ಕಿಟಕಿಯ ಕಡೆ ನೋಡಿದಳು. ಹೊರಗೆ ಗಂಡ ಏಣಿಯ ಮೇಲೆ ನಿಂತು ಗಾಜು ಒರೆಸುತ್ತಿದ್ದ, ಒಂದೇ ಜಾಗವನ್ನು, ಬಹಳ ಹೊತ್ತಿನಿಂದ.

ಅವಳು ಫೋನನ್ನು ಮೇಜಿನ ಮೇಲೇ ಬಿಟ್ಟು, ಎದ್ದು ಹೋಗಿ, ಅವನ ಮುಖದ ಮೇಲೇ ಪರದೆ ಎಳೆದಳು. ಎಳೆಯುವ ಮುನ್ನ ಕಂಡಳು: ಅವನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ನಗುತ್ತ ಮೀಸೆ ತೀಡಿಕೊಳ್ಳುತ್ತಿದ್ದ.